ನೂರು ದಿವಸದ ಪನಿ

ಹೋದ ತಿಂಗಳು ಮೀನಂಗಡಿಯಲ್ಲಿ ಬಸ್ಸು ಕಾಯುತ್ತ ನಿಂತಿದ್ದಾಗ ಯಾರೋ ಅಂಗಡಿಯ ಮುಂದಿನ ಚರಂಡಿಗೆ ಬ್ಲೀಚಿಂಗ್ ಪುಡಿ ಎರಚಿದರು. ಒಂದು ಹಿಡಿ ಪುಡಿ, ಅಷ್ಟೇ. ಆ ವಾಸನೆ ಮೂಗಿಗೆ ಬಿದ್ದದ್ದೇ ತಡ, ಸಿಟ್ಟು ಎದ್ದು ಬಂತು. ಪಕ್ಕದಲ್ಲಿದ್ದ ನಮ್ಮ ಮನೆಯವರು, "ಏನಾಯ್ತು, ಮುಖ ಯಾಕೆ ಹಾಗೆ ಮಾಡ್ದೆ?" ಅಂದರು. "ಲಾಕ್‌ಡೌನ್ ನೆನಪಾಯ್ತು" ಅಂದೆ. ಅವರು ನಕ್ಕರು. "ಆವಾಗ ಎಷ್ಟು ಚೆನ್ನಾಗಿತ್ತು ಮಾರಾಯ್ತಿ, ರಸ್ತೇಲಿ ಒಂದು ಗಾಡಿ ಇಲ್ಲ, ಜಿಂಕೆ ಮನೆ ಬಾಗಿಲಿಗೇ ಬರ್ತಿತ್ತು" ಅಂತ ಶುರುಮಾಡಿದರು. ಜಿಂಕೆ ಬಂದದ್ದು ನಿಜ. ಆದರೆ ಆ ವರ್ಷದ ವಿಷಯ ಎತ್ತಿದ ಕೂಡಲೇ ಜಿಂಕೆಯ ಸುದ್ದಿ ಹೇಳುವವರನ್ನು ಕಂಡರೆ ನನಗೆ ಇವತ್ತಿಗೂ ಆಗುವುದಿಲ್ಲ. ಅದೇ ರಸ್ತೆಯಲ್ಲಿ ಇನ್ನೂ ಸ್ವಲ್ಪ ಮುಂದೆ ಹೋದರೆ ಒಂದು ಹಾಸ್ಟೆಲ್ ಕಟ್ಟಡ ಇದೆ. ಆ ವರ್ಷ ಅಲ್ಲಿ ಇಬ್ಬರನ್ನು ಕೂಡಿಹಾಕಿದ್ದರು. ಕೂಡಿಹಾಕಿಸಿದ್ದು ನಾನು.

ನಾನು ತೋಲ್ಪೆಟ್ಟಿಯ ಆಶಾ ಕಾರ್ಯಕರ್ತೆ. ತವರು ಪಯ್ಯಂಪಳ್ಳಿ ಕಡೆ. ಯಾವ ಕಾಲದಲ್ಲೋ ಕರ್ನಾಟಕದಿಂದ ಬಂದು ವಯನಾಡಿನಲ್ಲಿ ಗದ್ದೆ ಮಾಡಿಕೊಂಡು ನಿಂತ ಜೈನರ ಮನೆ ನಮ್ಮದು. ಒಲೆಯ ಮುಂದೆ ಕನ್ನಡ, ಶಾಲೆಯಲ್ಲಿ ಆಫೀಸಿನಲ್ಲಿ ಮಲಯಾಳ. ಹೀಗೆ ಎರಡೂ ಬರುತ್ತದೆ ಅನ್ನುವ ಕಾರಣಕ್ಕೇ ನನಗೆ ಈ ಕೆಲಸ ಸಿಕ್ಕಿದ್ದು. ಕಾಡಂಚಿನ ಕಾಲೊನಿಗಳಲ್ಲಿ ಇರುವ ಆದಿವಾಸಿಗಳ ಮಾತು ಕನ್ನಡಕ್ಕೆ ಹತ್ತಿರ. ಕೊಡಗಿನಲ್ಲಿ ಹಾಡಿ ಅನ್ನುವುದನ್ನು ನಾವು ಇಲ್ಲಿ ಕಾಲೊನಿ ಅನ್ನುತ್ತೇವೆ. ಅವರು ಹೇಳಿದ್ದನ್ನು ಮಲಯಾಳದಲ್ಲಿ ಬರೆಯುವುದು, ಆಫೀಸಿನವರು ಹೇಳಿದ್ದನ್ನು ಅವರಿಗೆ ತಿಳಿಯುವ ಹಾಗೆ ಹೇಳುವುದು, ಇಷ್ಟು ವರ್ಷ ನಾನು ಮಾಡಿಕೊಂಡು ಬಂದದ್ದು ಇದೇ. ನನ್ನ ಭಾಷೆಯ ಬಗ್ಗೆ ನನಗೆ ಸ್ವಲ್ಪ ಜಂಬವೂ ಇತ್ತು.

ಆ ವರ್ಷ ಮಾರ್ಚಿನಿಂದ ನನ್ನ ಬಾಯಲ್ಲಿ ಎರಡೇ ಮಾತು: "ಪನಿ ಉಂಡೋ?" ಬೆಳಗ್ಗೆ ಎದ್ದರೆ ಮುಖಕ್ಕೆ ಬಟ್ಟೆ ಕಟ್ಟಿಕೊಂಡು ಹೊರಡುವುದು, ಬೇಲಿಯಾಚೆ ನಿಂತು ಮನೆಮನೆಗೆ ಕೂಗುವುದು. ಮಲಯಾಳದಲ್ಲಿ ಪನಿ ಎಂದರೆ ಜ್ವರ. ಉಂಡೋ ಅಂದರೆ ಇದೆಯಾ. ಊಟದ ಮಾತಲ್ಲ. ಊಟದ ಮಾತನ್ನು ಆ ದಿನಗಳಲ್ಲಿ ಕೇಳುವ ಧೈರ್ಯ ನನಗಿರಲಿಲ್ಲ, ಕೇಳಿದರೆ ಉತ್ತರಕ್ಕೆ ನನ್ನ ಚೀಲದಲ್ಲಿ ಏನೂ ಇರಲಿಲ್ಲ. ಸರ್ಕಾರದ ದಿನಸಿ ಕಿಟ್ಟು ಬಂತು, ಅಕ್ಕಿ ಬಂತು, ಇಲ್ಲ ಅನ್ನುವುದಿಲ್ಲ. ಆದರೆ ಕೊಡಗಿನ ತೋಟಗಳಿಗೆ ಕೆಲಸಕ್ಕೆ ಹೋಗಿ ಬದುಕುತ್ತಿದ್ದ ಜನ ಎರಡು ತಿಂಗಳು ಬಾಗಿಲಲ್ಲಿ ಕೂತಿದ್ದರು. ನಾನು ಜ್ವರ ಇದೆಯಾ ಅಂದರೆ ಅವರು ಕೆಲಸ ಇದೆಯಾ ಅಂತ ನನ್ನನ್ನೇ ತಿರುಗಿ ಕೇಳುತ್ತಿದ್ದರು. ಮಲಯಾಳದಲ್ಲಿ ಕೆಲಸಕ್ಕೆ ಪಣಿ ಅನ್ನುತ್ತಾರೆ. ನಾಲಿಗೆ ಹಲ್ಲಿನ ಹಿಂದೆ ತಾಗಿದರೆ ಜ್ವರ, ಮೇಲಕ್ಕೆ ಮಡಿಚಿದರೆ ಕೆಲಸ. ಮಲಯಾಳಿಗಳ ಕಿವಿಗೆ ಇವು ಒಂದಕ್ಕೊಂದು ಸಂಬಂಧವೇ ಇಲ್ಲದ ಎರಡು ಮಾತು. ನಮ್ಮ ಕಾಲೊನಿಯವರ ಬಾಯಲ್ಲಿ ಮಾತ್ರ ಣ ಅನ್ನುವ ಅಕ್ಷರವೇ ಇಲ್ಲ. ಕಣ್ಣು ಕನ್ನು, ಹಣ್ಣು ಹನ್ನು, ಮಣ್ಣು ಮನ್ನು. ಪಣಿಯೂ ಪನಿಯೇ. ಇದು ನನಗೆ ಚೆನ್ನಾಗಿ ಗೊತ್ತಿದ್ದ ವಿಷಯ. ಗೊತ್ತಿದ್ದೂ ಗೊತ್ತಿದ್ದೂ ನಾನು ಮಾಡಿದ್ದನ್ನು ಈಗ ಹೇಳುತ್ತೇನೆ.

ನಮ್ಮ ಕಾಲೊನಿಯಲ್ಲಿ ಕೇತ ಅಂತ ಒಬ್ಬ. ನನಗಿಂತ ಎರಡು ಮೂರು ವರ್ಷ ದೊಡ್ಡವನಿರಬಹುದು, ಆದರೂ ನನ್ನನ್ನು ಅಕ್ಕ ಅನ್ನುತ್ತಾನೆ. ಹೆಂಡತಿ ತೀರಿಕೊಂಡು ಆಗಲೇ ಏಳೆಂಟು ವರ್ಷ. ಅವನ ಬದುಕಿನ ಮುಕ್ಕಾಲು ಭಾಗ ಕುಟ್ಟದ ಆಚೆಯ ಒಂದು ಕಾಫಿ ತೋಟದಲ್ಲೇ ಕಳೆದದ್ದರಿಂದ ಅವನ ಮಲಯಾಳ ಅಷ್ಟಕ್ಕಷ್ಟೆ. ಒಬ್ಬಳೇ ಮಗಳು. ಶಾಲೆಗೆ ಸೇರಿಸುವಾಗ ಟೀಚರು ಅಂಬಿಳಿ ಅಂತ ಹೆಸರು ಬರೆದರು. ಮಲಯಾಳದಲ್ಲಿ ಹಾಗೆಂದರೆ ಚಂದ್ರ. ನಾನು ಮಾತ್ರ ಅವಳನ್ನು ಅಂಬಲಿ ಅಂತಲೇ ರೇಗಿಸುವುದು. ಹುಟ್ಟಿದಾಗಿನಿಂದ ಅವಳಿಗೆ ಹಾಕಿಸಿದ ಚುಚ್ಚುಮದ್ದುಗಳ ಲೆಕ್ಕ ನನ್ನ ಹತ್ತಿರವೇ ಇದೆ. ಶಾಲೆಯ ಹಾಸ್ಟೆಲಿನಲ್ಲಿದ್ದುಕೊಂಡು ಓದುತ್ತಿದ್ದಳು. ಆ ವರ್ಷ ಹತ್ತನೆಯ ಕ್ಲಾಸು. ನಮ್ಮ ಕಾಲೊನಿಯಿಂದ ಹತ್ತನೆಯ ಪರೀಕ್ಷೆಗೆ ಕೂತ ಮೊದಲ ಹುಡುಗಿ ಅವಳು. ಅವಳಿಗಿಂತ ಮುಂಚೆ ಕಾಫಿ ಕೊಯ್ಲಿನ ಹೊತ್ತಿಗೆ ಶಾಲೆ ಬಿಟ್ಟು ಅಪ್ಪ ಅಮ್ಮನ ಹಿಂದೆ ತೋಟಕ್ಕೆ ಹೋದವರೇ ಎಲ್ಲ. ಇವಳು ಲೆಕ್ಕದಲ್ಲಿ ಜಾಣೆ. ಕರ್ನಾಟಕದವರು ಪಿಯುಸಿ ಅನ್ನುವ ಪ್ಲಸ್ ಒನ್‌ಗೆ ಸಯನ್ಸ್ ತೆಗೆದುಕೊಂಡು ನರ್ಸ್ ಆಗುತ್ತೇನೆ ಅನ್ನುತ್ತಿದ್ದಳು. "ಪದ್ಮಕ್ಕ, ನಾನು ನರ್ಸ್ ಆದ್ಮೇಲೆ ನೀವು ನನಗೆ ರಿಪೋರ್ಟ್ ಕೊಡ್ಬೇಕು" ಅಂತ ನನ್ನನ್ನೇ ಹೆದರಿಸುವಳು.

ಪರೀಕ್ಷೆ ಅರ್ಧ ಆಗಿತ್ತು. ಲೆಕ್ಕ, ಫಿಸಿಕ್ಸ್, ಕೆಮಿಸ್ಟ್ರಿ ಮೂರು ಉಳಿದಿದ್ದಾಗ ಮುಂದಕ್ಕೆ ಹಾಕಿದರು. ಹಾಸ್ಟೆಲ್ ಮುಚ್ಚಿದರು. ಕಾಲೊನಿಯ ಮನೆಗೆ ಬೀಗ, ಕೇತ ತೋಟದಲ್ಲಿ ಕರಿಮೆಣಸು ಕೊಯ್ಯುತ್ತಿದ್ದ. ಹುಡುಗಿ ಪುಸ್ತಕದ ಚೀಲ ಹೊತ್ತುಕೊಂಡು ಸೀದಾ ಕುಟ್ಟದ ಬಸ್ಸು ಹತ್ತಿ ತೋಟದ ಆಳುಗಳ ಸಾಲಿನಲ್ಲಿದ್ದ ಅಪ್ಪನ ಲೈನ್‌ಮನೆಗೆ ಹೋದಳು. ನಾಲ್ಕು ದಿನ ಇದ್ದು ಬರುತ್ತೇನೆ ಅಂತ ನನಗೆ ಹೇಳಿಯೇ ಹೋದದ್ದು. ನಾಲ್ಕು ದಿನ ಮುಗಿಯುವುದರೊಳಗೆ ಬಸ್ಸು ನಿಂತಿತು, ಗಡಿ ಮುಚ್ಚಿತು, ರಸ್ತೆಗೆ ಅಡ್ಡಲಾಗಿ ಮಣ್ಣಿನ ಗುಡ್ಡೆ ಬಿತ್ತು. ಆ ತೋಟಕ್ಕೂ ನಮ್ಮ ಮನೆಗೂ ನಡೆದರೆ ಎರಡು ಗಂಟೆಯ ದಾರಿ. ಹೂಮಳೆ ಬಿದ್ದು ಅಲ್ಲಿಯ ಕಾಫಿ ಅರಳಿದಾಗ ಇಲ್ಲಿಯೂ ಅರಳಿತು. ಅಲ್ಲಿ ಗುಡುಗಿದ್ದು ಇಲ್ಲಿ ಕೇಳುತ್ತಿತ್ತು. ಹುಡುಗಿ ಮಾತ್ರ ಬೇರೆ ದೇಶದಲ್ಲಿ ಸಿಕ್ಕಿಕೊಂಡವಳ ಹಾಗೆ ವಾರಕ್ಕೊಮ್ಮೆ ಫೋನ್ ಮಾಡಿ, "ಪರೀಕ್ಷೆ ಯಾವಾಗಂತೆ ಪದ್ಮಕ್ಕ?" ಅಂತ ಕೇಳುತ್ತಿದ್ದಳು. ತೋಟದ ಒಂದೇ ಒಂದು ಹಲಸಿನ ಮರದ ಹತ್ತಿರ ನೆಟ್‌ವರ್ಕ್ ಸಿಗುತ್ತಿತ್ತಂತೆ.

ಮೇ ತಿಂಗಳ ನಡುವೆ ಪರೀಕ್ಷೆಯ ದಿನ ಗೊತ್ತಾಯಿತು. ತಿಂಗಳ ಕೊನೆಯ ವಾರ, ದಿನಕ್ಕೊಂದರಂತೆ ಮೂರು ದಿನ. ಕೇತನಿಗೆ ಹೇಳಿದಾಗ ಅವನು ಒಂದು ಕ್ಷಣವೂ ಯೋಚನೆ ಮಾಡಲಿಲ್ಲ. "ಕಾಡು ದಾಟಿ ಕರ್ಕೊಂಡ್ ಬತ್ತೀನಿ ಅಕ್ಕ. ನಂಗೆ ದಾರಿ ಗೊತ್ತಿಲ್ವಾ? ಬೆಳಿಗ್ಗೆ ಹೊರಟ್ರೆ ಗಂಜಿ ಹೊತ್ತಿಗೆ ಮನೇಲಿರ್ತೀವಿ" ಅಂದ.

ಬೇಡ ಅಂದವಳು ನಾನು. ಆನೆ ಇದೆ ಅಂದೆ. ಆನೆ ಅವನಿಗೆ ಹೊಸದಲ್ಲ. ಫಾರೆಸ್ಟಿನವರು ಹಿಡಿದರೆ ಕೇಸಾಗುತ್ತದೆ, ಕದ್ದು ಬಂದವಳು ಅಂತ ಹುಡುಗಿಯನ್ನು ಪರೀಕ್ಷೆಗೆ ಸೇರಿಸದಿದ್ದರೆ ಏನು ಮಾಡುತ್ತೀ ಅಂದೆ. "ಎಲ್ಲಾ ಕ್ರಮವಾಗಿ ಮಾಡೋಣ ಕೇತ, ಪಾಸ್ ತೆಗೀತೀನಿ, ರಾಜನ ಹಾಗೆ ಬನ್ನಿ" ಅಂದೆ. ಈ ರಾಜನ ಹಾಗೆ ಅನ್ನುವ ಮಾತು ನೆನಪಾದರೆ ಈಗಲೂ ನಾಚಿಕೆಯಾಗುತ್ತದೆ.

ಪಾಸಿನ ಅರ್ಜಿ ಫೋನಿನಲ್ಲೇ ತುಂಬಬೇಕು. ತುಂಬುತ್ತಾ ತುಂಬುತ್ತಾ ಮೈಯೆಲ್ಲ ಉರಿದುಹೋಯಿತು. ಬರುವ ಕಾರಣ ಏನು ಅಂತ ಒಂದು ಕಡೆ ಕೇಳುತ್ತಿತ್ತು. ಅವರೇ ಕೊಟ್ಟ ಕಾರಣಗಳಲ್ಲಿ ಒಂದನ್ನು ಒತ್ತಬೇಕು. ಅಂಬಿಳಿಗೆ ಪರೀಕ್ಷೆ ಅಂತ ಒತ್ತಿದೆ. ಕೇತನಿಗೆ ಏನು ಒತ್ತುವುದು? ತನ್ನ ಮನೆಗೆ ತಾನು ಬರುವುದು ಅನ್ನುವ ಕಾರಣ ನನ್ನ ಕಣ್ಣಿಗೆ ಬೀಳಲಿಲ್ಲ. ಕೊನೆಗೆ ಕೆಲಸ ಅಂತ ಒತ್ತಿದೆ. ಸುಳ್ಳೇನಲ್ಲ. ಆ ವಾರವೇ ನಮ್ಮ ವಾರ್ಡಿನಲ್ಲಿ ತೊಳಿಲುರಪ್ಪು ಮತ್ತೆ ಶುರುವಾಗಿತ್ತು. ಕರ್ನಾಟಕದವರು ಉದ್ಯೋಗ ಖಾತ್ರಿ ಅನ್ನುವ ಆ ನೂರು ದಿವಸದ ಕೆಲಸ. ಒತ್ತಿದ ಮೇಲೆ ಕೇತನ ಫೋನಿಗೆ ಒಂದು ನಂಬರು ಬರುತ್ತದೆ, ಅದನ್ನು ಕೂಡಲೇ ಹಾಕಬೇಕು. ಮೂರು ಸಲ ನಂಬರು ಬಂತು, ಮೂರು ಸಲವೂ ನನಗೆ ತಲುಪುವುದರೊಳಗೆ ಹೊತ್ತು ಮೀರಿತು. ನಾಲ್ಕನೆಯ ಸಲ ಅಂಬಿಳಿ ಆ ಹಲಸಿನ ಮರದ ಕೆಳಗೆ ನಿಂತು ಪಟಪಟನೆ ಓದಿ ಹೇಳಿದಳು. ಅರ್ಜಿ ಹೋಯಿತು. "ಆಯ್ತು ಕಣೇ ಅಂಬಲಿ, ಇನ್ನು ಫೋನು ಅಪ್ಪನಿಗೆ ಕೊಡು" ಅಂದೆ.

ಹಿಂದಿನ ವಾರ ಕಾರಣ ಸರಿಯಾಗಿ ಹೇಳಲಿಲ್ಲ ಅಂತ ಇಬ್ಬರನ್ನು ಗಡಿಯ ಗೇಟಿನಿಂದ ವಾಪಸು ಕಳಿಸಿದ್ದಾರೆ ಅಂತ ಸುದ್ದಿ ಇತ್ತು. ಕೇತ ದೊಡ್ಡವರ ಮುಂದೆ ನಿಂತರೆ ನೆಲ ನೋಡುವ ಮನುಷ್ಯ. ಅದಕ್ಕೆ ಅವನಿಗೆ ಪಾಠ ಹೇಳಿಕೊಟ್ಟೆ. "ನೋಡು ಕೇತ, ಗೇಟಲ್ಲಿ ಸುಮ್ನೆ ನಿಂತ್ಕೋಬೇಡ. ಏನು ಕೇಳಿದ್ರೂ ಪಣಿ ಉಂಡ್ ಅನ್ನು. ಎಷ್ಟು ದಿವಸ ಅಂದ್ರೆ ನೂರು ದಿವಸಂ ಅನ್ನು. ಗಟ್ಟಿಯಾಗಿ ಹೇಳು."

"ಪನಿ ಉಂಡ್. ನೂರು ದಿವಸಂ" ಅಂದ ಕೇತ.

"ಹಾಂ, ಹಾಗೇ" ಅಂದೆ ನಾನು.

ಹಾಗೇ ಅಂದೆ. ನನ್ನ ಕಿವಿಗೆ ಅದು ಪಣಿ ಅಂತಲೇ ಕೇಳಿಸಿತು, ಯಾಕೆಂದರೆ ನಾನು ಹೇಳಿಕೊಟ್ಟದ್ದು ಅದನ್ನೇ.

ಪಾಸು ಬಂದದ್ದು ಎರಡು ಗಂಟೆಯ ದಾರಿಗಲ್ಲ. ನಮ್ಮ ಕಡೆಯ ಗೇಟು ಆಗ ಇನ್ನೂ ತೆಗೆದಿರಲಿಲ್ಲ. ದೂರದ ಬೇರೆ ಒಂದು ಗೇಟಿನಿಂದ ಬರಬೇಕಂತೆ. ಕುಟ್ಟದಿಂದ ಹುಣಸೂರು, ಅಲ್ಲಿಂದ ಮೈಸೂರು ಕಡೆ ಸುತ್ತಿ ಗುಂಡ್ಲುಪೇಟೆ, ಅಲ್ಲಿಂದ ಕಾಡು ದಾಟಿ ಗಡಿ, ಆಮೇಲೆ ಬತ್ತೇರಿ, ಮೀನಂಗಡಿ, ಮಾನಂದವಾಡಿ, ಕೊನೆಗೆ ತೋಲ್ಪೆಟ್ಟಿ. ಪಕ್ಕದ ಮನೆಗೆ ಹೋಗುವುದಕ್ಕೆ ಇಡೀ ತಾಲ್ಲೂಕು ಸುತ್ತಿದ ಹಾಗೆ. ತೋಟದಲ್ಲಿ ಆಳುಗಳ ಲೆಕ್ಕ ಬರೆಯುವ ರೈಟರು ವಯನಾಡಿಗೆ ಮರಳುವ ಇನ್ನೂ ಮೂರು ಮನೆಯವರ ಜೊತೆ ಒಂದು ಪಿಕಪ್ಪಿನಲ್ಲಿ ಇವರನ್ನು ಹತ್ತಿಸಿದ. ಪರೀಕ್ಷೆಗೆ ಇನ್ನೂ ಐದು ದಿನ ಇತ್ತು.

ಗೇಟಿನಲ್ಲಿ ನಡೆದದ್ದನ್ನು ಆಮೇಲೆ ಅಂಬಿಳಿ ನನಗೆ ಹೇಳಿದಳು. ಮಳೆ ಹೊಯ್ಯುತ್ತಿತ್ತಂತೆ. ಟಾರ್ಪಾಲಿನ ಮೇಲೆ ಸದ್ದು, ಎಲ್ಲರ ಮುಖಕ್ಕೂ ಮಾಸ್ಕು, ಬರೆದುಕೊಳ್ಳುವವನ ಮುಖದ ಮುಂದೆ ಪ್ಲಾಸ್ಟಿಕ್ ಹಾಳೆ. ಹಾಲ್‌ಟಿಕೆಟ್ ಇರುವ ಮಕ್ಕಳನ್ನು ಬೇರೆ ಸಾಲಿನಲ್ಲಿ ದೂರಕ್ಕೆ ನಿಲ್ಲಿಸಿದ್ದರು. ಕೇತನ ಸರದಿ ಬಂತು. ದಾರಿಯುದ್ದಕ್ಕೂ ಅವನು ನನ್ನ ಪಾಠವನ್ನು ಬಾಯಲ್ಲೇ ಹೇಳಿಕೊಳ್ಳುತ್ತ ಬಂದಿದ್ದನಂತೆ. ಆ ಮನುಷ್ಯ ತಲೆಯೆತ್ತಿ "ಎಂದಿನಾ ವನ್ನದ್?", ಯಾಕೆ ಬಂದೆ, ಅಂತ ಕೇಳಿದ್ದಷ್ಟೆ.

"ಪನಿ ಉಂಡ್ ಸಾರೇ!" ಅಂದನಂತೆ ಕೇತ. ಗಟ್ಟಿಯಾಗಿ.

ಬರೆಯುವವನು ಕುರ್ಚಿ ಸಮೇತ ಹಿಂದಕ್ಕೆ ಸರಿದ. "ಎತ್ರ ದಿವಸಮಾಯಿ?" ಎಷ್ಟು ದಿನದಿಂದ?

"ನೂರು ದಿವಸಂ."

"ವೀಟ್ಟಿಲ್ ವೇರೆ ಆರ್ಕೆಂಗಿಲುಂ ಉಂಡೋ?" ಮನೆಯಲ್ಲಿ ಬೇರೆ ಯಾರಿಗಾದರೂ ಇದೆಯಾ?

ಇದನ್ನು ನಾನು ಹೇಳಿಕೊಟ್ಟಿರಲಿಲ್ಲ. ಕೇತ ಸ್ವಂತ ಬುದ್ಧಿಯಿಂದ ಹೇಳಿದ. "ಕಾಲೊನಿಯಿಲ್ ಎಲ್ಲಾರ್ಕುಂ ಉಂಡ್." ಕಾಲೊನಿಯಲ್ಲಿ ಎಲ್ಲರಿಗೂ ಇದೆ.

ಮೊದಲ ಸಲ ಕೇಳಿದಾಗ ನನಗೆ ನಗು ಬಂತು, ಒಪ್ಪಿಕೊಳ್ಳುತ್ತೇನೆ. ನೂರು ದಿನದ ಜ್ವರ ಎಲ್ಲಾದರೂ ಉಂಟೇ? ಕೇಳುತ್ತ ಕೂತವರು ಯಾರಾದರೂ ಇದ್ದಿದ್ದರೆ ಅಲ್ಲೇ ನಕ್ಕು ಬಿಟ್ಟು ಕಳಿಸುತ್ತಿದ್ದರು. ಆದರೆ ಅಲ್ಲಿ ಇದ್ದದ್ದು ಬರೆದುಕೊಳ್ಳುವವನು ಮಾತ್ರ. ಅವನನ್ನು ಪೂರ್ತಿ ಬಯ್ಯುವುದೂ ನನಗೆ ಸಾಧ್ಯವಿಲ್ಲ, ಬೆಳಗ್ಗಿನಿಂದ ಎಷ್ಟು ಜನರನ್ನು ಬರೆದುಕೊಂಡಿದ್ದನೋ. ಅದೂ ಅಲ್ಲದೆ ಆ ವರ್ಷ ನಮ್ಮ ಕಾಡಂಚಿನಲ್ಲಿ ಮಂಗನ ಕಾಯಿಲೆಯೂ ಎದ್ದಿತ್ತು. ತೋಲ್ಪೆಟ್ಟಿ ಕಡೆಯವನು ತಾನಾಗಿ ಪನಿ ಉಂಡ್ ಅಂದರೆ ಯಾರಿಗಾದರೂ ಎದೆ ಧಸಕ್ಕೆನ್ನುತ್ತದೆ. ಹಣೆಗೆ ಹಿಡಿಯುವ ಮೆಷಿನ್ ಹಿಡಿದರು. ಜ್ವರ ತೋರಿಸಲಿಲ್ಲ. ಅದಕ್ಕೂ ಉತ್ತರ ಸಿದ್ಧವಿತ್ತು: ಮಾತ್ರೆ ನುಂಗಿ ಬಂದಿರುತ್ತಾನೆ. ಆ ದಿನಗಳಲ್ಲಿ ಹಾಗೆ ಮಾಡುವವರಿದ್ದರು. ಒಟ್ಟಿನಲ್ಲಿ ಕೇತನ ಮೈ ಏನು ಹೇಳಿದರೂ ಕೇಳಲಿಲ್ಲ, ಬಾಯಿ ಹೇಳಿದ್ದನ್ನು ಮಾತ್ರ ನಂಬಿದರು. ಬಾಯಿ ಹೇಳಿದ್ದು ನನ್ನ ಮಾತು.

ಅಪ್ಪನನ್ನು ಆಂಬುಲೆನ್ಸಿಗೆ ಹತ್ತಿಸುವುದನ್ನು ನೋಡಿ ಅಂಬಿಳಿ ಸಾಲು ಬಿಟ್ಟು ಓಡಿದಳು. "ಪನಿಯಲ್ಲ ಸಾರೇ, ಪಣಿ! ಪಣಿ!" ಅಂತ ಕೂಗಿದಳಂತೆ. ಅವಳ ಣ ಸ್ವಚ್ಛ, ಹತ್ತು ವರ್ಷ ಶಾಲೆಯಲ್ಲಿ ತಿದ್ದಿದ್ದು. ಆ ಮನುಷ್ಯ, "ಪನಿಯೋ ಪಣಿಯೋ, ಡಾಕ್ಟರ್ ನೋಕ್ಕಟ್ಟೆ" ಅಂದ. ಜ್ವರವೋ ಕೆಲಸವೋ ಡಾಕ್ಟರೇ ನೋಡಲಿ. ಜೊತೆಯಲ್ಲಿ ಬಂದವಳು ಅಂತ ಅವಳನ್ನೂ ಅದೇ ಆಂಬುಲೆನ್ಸಿಗೆ ಹತ್ತಿಸಿದರು. ಇಬ್ಬರನ್ನೂ ಮೀನಂಗಡಿಯ ಆ ಹಾಸ್ಟೆಲಿಗೆ ತಂದು ಬೇರೆ ಬೇರೆ ಕೋಣೆಯಲ್ಲಿ ಇಟ್ಟರು. ಮೂಗಿನಿಂದ ಸ್ಯಾಂಪಲ್ ತೆಗೆದರು. ರಿಸಲ್ಟು ಬರುವವರೆಗೆ ಬಾಗಿಲು ದಾಟುವ ಹಾಗಿಲ್ಲ.

ಮರುದಿನ ಬೆಳಗ್ಗೆ ನಾನು ಎಂದಿನಂತೆ ಬೇಲಿಯಾಚೆ ನಿಂತು ಕೂಗುತ್ತಿದ್ದಾಗ ಕಾಲೊನಿಗೆ ಎರಡು ಗಾಡಿ ಬಂತು. ಮೈತುಂಬ ಬಿಳಿ ಉಡುಪು ಹಾಕಿಕೊಂಡವರು ಇಳಿದರು. ಮಕ್ಕಳು ಹೆದರಿ ಕಾಡಿಗೆ ಓಡಿದವು. "ಕಾಲೊನಿ ಮುಳುವನ್ ಪನಿಯಾಣಲ್ಲೇ, ನೀ ಎಂದಾ ರಿಪೋರ್ಟ್ ಚೆಯ್ಯಾಂಞದ್?" ಅಂತ ನನ್ನ ಮೇಲೇ ಬಿದ್ದರು. ಇಡೀ ಕಾಲೊನಿಗೇ ಜ್ವರವಂತೆ, ನೀನು ಯಾಕೆ ತಿಳಿಸಲಿಲ್ಲ ಅಂತ. ದಿನಾ ಕೇಳುತ್ತಿದ್ದೇನೆ, ಯಾರಿಗೂ ಇಲ್ಲ ಅಂದೆ. ದಿನದಿನದ ಲೆಕ್ಕ ಬರೆದಿಟ್ಟ ಪುಸ್ತಕ ತೋರಿಸಿದೆ. ಪುಸ್ತಕವನ್ನು ಅವರು ಕೈಯಲ್ಲಿ ಮುಟ್ಟಲೂ ಇಲ್ಲ. ಅಷ್ಟೂ ಮನೆಗೆ ಬ್ಲೀಚಿಂಗ್ ಹೊಡೆದರು. ಒಣಗಲು ಹಾಕಿದ್ದ ಸೊಪ್ಪಿನ ಮೇಲೆ, ನೀರಿನ ಕೊಡದ ಮೇಲೆ, ಎಲ್ಲದರ ಮೇಲೆ. ದಾರಿಗೆ ಅಡ್ಡ ಬಿದಿರು ಕಟ್ಟಿದರು. ಆಗತಾನೇ ಶುರುವಾಗಿದ್ದ ತೊಳಿಲುರಪ್ಪು ಕೆಲಸ ಇವರ ಪಾಲಿಗೆ ನಿಂತುಹೋಯಿತು. ಪನಿ ಉಂಡ್ ಅಂದದ್ದಕ್ಕೆ ಇದ್ದ ಪಣಿಯೂ ಹೋಯಿತು. ಇದನ್ನು ಯಾರ ಮುಂದೆ ಹೇಳಿಕೊಳ್ಳುವುದು? ಕಾಲೊನಿಗೆ ದಿನಾ ಹೋಗುವವಳು ಅಂತ ನನ್ನನ್ನೂ ಹದಿನಾಲ್ಕು ದಿನ ಮನೆಯಲ್ಲೇ ಕೂರಲು ಹೇಳಿದರು.

ಕೂತೆ. ಕೂತಲ್ಲೇ ಫೋನು ಹಿಡಿದು ಕಂಡಕಂಡವರಿಗೆಲ್ಲ ಕರೆ ಮಾಡಿದೆ. ಒಂದು ನಂಬರು ಯಾವಾಗಲೂ ಬಿಜಿ. ಇನ್ನೊಂದು ನಂಬರಿನವರು ಬಹಳ ಮರ್ಯಾದೆಯಿಂದ ಮಾತಾಡಿ ಮೊದಲಿನ ನಂಬರನ್ನೇ ಕೊಟ್ಟರು. ಅಂಬಿಳಿಯ ಶಾಲೆಯ ಹೆಡ್‌ಮಾಸ್ಟರು ಒಳ್ಳೆಯ ಮನುಷ್ಯ. "ಕ್ವಾರಂಟೈನ್‌ನಲ್ಲಿರೋ ಮಕ್ಕಳಿಗೆ ಬೇರೆ ರೂಮಲ್ಲಿ ಬರೆಸೋ ವ್ಯವಸ್ಥೆ ಇದೆ, ನಾನು ಮೀನಂಗಡಿಯ ಹತ್ತಿರದ ಶಾಲೇಲೇ ಮಾತಾಡ್ತೀನಿ" ಅಂದರು. ನನಗೆ ಜೀವ ಬಂದಂತಾಯಿತು. ಸಂಜೆ ಅವರೇ ಫೋನ್ ಮಾಡಿ, "ಟೀಚರೇ, ಆ ಹುಡುಗಿಯ ಕಾಗದದಲ್ಲಿ ಅಪ್ಪನಿಗೆ ಜ್ವರ ಅಂತ ಇದೆಯಲ್ಲ? ಹಾಗಿದ್ದವರನ್ನು ರಿಸಲ್ಟು ಬಾರದೆ ಹೊರಗೆ ಬಿಡಲ್ವಂತೆ" ಅಂದರು. ನಾನು ಟೀಚರಲ್ಲ, ಗಾಬರಿಯಲ್ಲಿ ಅವರು ಎಲ್ಲರನ್ನೂ ಟೀಚರೇ ಅನ್ನುತ್ತಿದ್ದರು. ಅದು ಜ್ವರ ಅಲ್ಲ, ಕೆಲಸ ಅಂತ ಅವರಿಗೆ ಬಿಡಿಸಿ ಹೇಳಿದೆ. ಅವರು, "ಬರೆದದ್ದನ್ನು ಹೊಡೆದುಹಾಕಬೇಕಾದವರು ಡಾಕ್ಟರು" ಅಂದರು. ಡಾಕ್ಟರು ಬರುವುದು ರಿಸಲ್ಟು ಬಂದ ಮೇಲೆ. ರಿಸಲ್ಟು ಯಾವಾಗ ಬರುತ್ತದೆ ಅಂತ ಯಾರಿಗೂ ಗೊತ್ತಿಲ್ಲ.

ಹಾಸ್ಟೆಲಿನ ಕಾವಲುಗಾರನ ಫೋನಿಗೆ ಕರೆ ಮಾಡಿ ಒಂದು ಸಲ ಅಂಬಿಳಿಯ ಜೊತೆ ಮಾತಾಡಿದೆ. ಅಳುತ್ತಿರುತ್ತಾಳೆ ಅಂದುಕೊಂಡಿದ್ದೆ. ಅಳುತ್ತಿರಲಿಲ್ಲ. "ಊಟ ಚೆನ್ನಾಗಿದೆ ಅಕ್ಕ. ರೂಮೆಲ್ಲಾ ಬ್ಲೀಚಿಂಗ್ ವಾಸನೆ, ಓದಕ್ಕೆ ಕೂತ್ರೆ ಕಣ್ಣಲ್ಲಿ ನೀರು ಬರುತ್ತೆ. ಲೆಕ್ಕಕ್ಕೆ ಬಿಡ್ತಾರಲ್ವಾ?" ಅಂದಳು. ಬಿಡ್ತಾರೆ ಬಿಡ್ತಾರೆ, ನಾನಿದ್ದೀನಲ್ಲ ಅಂದೆ.

ಬಿಡಲಿಲ್ಲ. ಪರೀಕ್ಷೆಯ ದಿನ ಮ್ಯಾಥ್ಸ್ ಶುರುವಾಗುವ ಹೊತ್ತಿಗೆ ನಾನು ಮನೆಯ ಜಗಲಿಯಲ್ಲಿ ಗಡಿಯಾರ ನೋಡುತ್ತ ಕೂತಿದ್ದೆ. ನಮ್ಮ ಮನೆಯವರು ಕಾಫಿ ತಂದಿಟ್ಟರು, ಕುಡಿಯಲಾಗಲಿಲ್ಲ. ಗಂಟೆ ಮುಗಿಯಿತು. ಎರಡು ತಿಂಗಳು ಲೈನ್‌ಮನೆಯ ಕತ್ತಲಲ್ಲಿ ಕೂತು ಆ ಹುಡುಗಿ ಮಾಡಿದ ಲೆಕ್ಕಗಳೆಲ್ಲ ನೀರಿನಲ್ಲಿ ಹೋಮವಾದವು. ನನಗೆ ಆ ದಿನ ಬಂದದ್ದು ದುಃಖವಲ್ಲ, ಸಿಟ್ಟು. ಗೇಟಿನವನ ಮೇಲೆ, ಫೋನಿನ ಮೇಲೆ, ಆ ರೋಗದ ಮೇಲೆ, ಟೀವಿಯಲ್ಲಿ ತಟ್ಟೆ ಬಾರಿಸುವವರನ್ನು ಮತ್ತೆ ಮತ್ತೆ ತೋರಿಸುವವರ ಮೇಲೆ. ನನ್ನ ಮೇಲೆ ಬರಬೇಕಾದ ಸಿಟ್ಟನ್ನು ಹೀಗೆ ಊರಿಗೆಲ್ಲ ಹಂಚಿದೆ.

ಅದೇ ಸಂಜೆ ಹಾಸ್ಟೆಲಿಗೆ ಬೇರೆ ಯಾರನ್ನೋ ನೋಡಲು ಒಬ್ಬಳು ಡಾಕ್ಟರು ಬಂದಿದ್ದಳಂತೆ, ಚಿಕ್ಕ ವಯಸ್ಸಿನವಳು. ಅಂಬಿಳಿ ಬಾಗಿಲ ಸಂದಿನಿಂದ ಕರೆದು ಇದ್ದದ್ದನ್ನೆಲ್ಲ ಹೇಳಿದಳು. ಡಾಕ್ಟರು ಐದು ನಿಮಿಷ ನಿಂತು ಕೇಳಿದಳು. ಕೇತನ ಕೋಣೆಗೆ ಹೋಗಿ, "ಪಣಿ ಎಂದ್ ಪಣಿಯಾ?" ಏನು ಕೆಲಸ ಅಂತ ಕೇಳಿದಾಗ ಕೇತ, "ಕಾಡು ಕಡಿಯೋದು, ಗುಂಡಿ ತೋಡೋದು" ಅಂತ ಕೈಯಲ್ಲೇ ತೋರಿಸಿದನಂತೆ. ಅವಳು ನಕ್ಕಳು, ಆಮೇಲೆ ಅಂಬಿಳಿಯ ಹಾಲ್‌ಟಿಕೆಟ್ ನೋಡಿ ನಗು ನಿಲ್ಲಿಸಿದಳು. ಕಾಗದದಲ್ಲಿದ್ದ ಆ ಪದವನ್ನು ಹೊಡೆದು ಸಹಿ ಹಾಕಿದಳು. ಮರುದಿನ ಫಿಸಿಕ್ಸ್, ಅದರ ಮರುದಿನ ಕೆಮಿಸ್ಟ್ರಿ, ಎರಡನ್ನೂ ಹುಡುಗಿ ಒಂದು ಖಾಲಿ ಕ್ಲಾಸಿನಲ್ಲಿ ಒಬ್ಬಳೇ ಕೂತು ಬರೆದಳು. ಐದು ನಿಮಿಷ ಸಾಕಾಗಿತ್ತು ನೋಡಿ. ಅಷ್ಟನ್ನು ಐದು ದಿನ ಯಾರೂ ಕೊಡಲಿಲ್ಲ.

ರಿಸಲ್ಟು ಬಂತು, ರೋಗ ಇಲ್ಲ. ಕೇತ ವಾಪಸು ಬಂದು ನನ್ನ ಬೇಲಿಯಾಚೆ ನಿಂತ. ಬಯ್ಯುತ್ತಾನೆ ಅಂತ ನಾನು ಕಾದೆ. ಬೈದಿದ್ದರೆ ಒಳ್ಳೆಯದಿತ್ತು. ಅವನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಇಟ್ಟಿದ್ದ ಒಂದು ಕಾಗದ ತೆಗೆದ. "ಪನಿ ಇಲ್ಲೆ ಅಂತ ಸರ್ಕಾರದವ್ರೇ ಬರ್ದು ಕೊಟ್ಟವ್ರೆ ಅಕ್ಕ. ಇದ ಎಲ್ಲಿ ಕೊಟ್ರೆ ಪನಿ ಸಿಕ್ತದೆ?" ಅಂದ. ನಾನು ಎಲ್ಲಿಂದ ಶುರುಮಾಡಿ ಹೇಳಲಿ? ಅದು ಬೇರೆ ಪನಿ ಕೇತ ಅಂದೆ. "ಎಂತ ಬೇರೆ?" ಅಂತ ಕೇಳಿದ. ಕಾಗದವನ್ನು ಮತ್ತೆ ಜೋಪಾನವಾಗಿ ಸುತ್ತಿ ಇಟ್ಟುಕೊಂಡು ಹೋದ.

ಪರೀಕ್ಷೆಯ ಫಲಿತಾಂಶ ಬಂದಾಗ ಅವಳ ಶಾಲೆಯಲ್ಲಿ ಸಿಹಿ ಹಂಚಿದರು. ಅಂಬಿಳಿಗೆ ಎಲ್ಲದರಲ್ಲೂ ಒಳ್ಳೆಯ ಗ್ರೇಡು, ಲೆಕ್ಕದ ಮುಂದೆ ಗೈರುಹಾಜರಿ. ತಪ್ಪಿಹೋದವರಿಗೆ ಇನ್ನೊಂದು ಸಲ ಬರೆಯುವ ಅವಕಾಶವಿತ್ತು, ಅದು ನಡೆದದ್ದು ಮಳೆಗಾಲ ಮುಗಿಯುತ್ತ ಬಂದಾಗ. ಬರೆದಳು. ಚೆನ್ನಾಗಿಯೇ ಪಾಸಾದಳು. ಅಷ್ಟು ಹೊತ್ತಿಗೆ ಹತ್ತಿರದ ಶಾಲೆಯ ಸಯನ್ಸ್ ಸೀಟು ತುಂಬಿಹೋಗಿತ್ತು. ಉಳಿದದ್ದು ಅವಳಿಗೆ ಬೇಡದ ವಿಷಯ. ಅದನ್ನೇ ಓದಿದಳು. ಈಗ ಮಾನಂದವಾಡಿಯ ಒಂದು ಬಟ್ಟೆ ಅಂಗಡಿಯಲ್ಲಿ ಬಿಲ್ಲು ಬರೆಯುತ್ತಾಳೆ. ಸಿಕ್ಕಿದಾಗ ನಗುತ್ತಾಳೆ. ನರ್ಸಿನ ಮಾತು ಇಬ್ಬರೂ ಎತ್ತುವುದಿಲ್ಲ.

ಆ ಎರಡನೆಯ ಪರೀಕ್ಷೆಗೆ ಅರ್ಜಿ ತುಂಬಬೇಕಿತ್ತು. ಆ ವರ್ಷದ ಜುಲೈ ತಿಂಗಳ ಒಂದು ಮಧ್ಯಾಹ್ನ, ಹೊರಗೆ ಜೋರು ಮಳೆ, ಅವಳು ಫಾರಂ ಹಿಡಿದುಕೊಂಡು ನಮ್ಮ ಮನೆಗೆ ಬಂದಳು. ಜಗಲಿಯಲ್ಲಿ ಕೂರಿಸಿದೆ. ಕನ್ನಡಕ ಹುಡುಕಿ ಹಾಕಿಕೊಂಡು, "ಕೊಡು ಇಲ್ಲಿ, ತುಂಬಿಕೊಡ್ತೀನಿ" ಅಂತ ಕೈ ಚಾಚಿದೆ.

"ಬೇಡ ಅಕ್ಕ, ನಾನೇ ಬರೀತೀನಿ. ಪೆನ್ನು ಕೊಡಿ ಸಾಕು" ಅಂದಳು.

ಕೊಟ್ಟೆ. ಮೊಣಕಾಲ ಮೇಲೆ ಫಾರಂ ಇಟ್ಟುಕೊಂಡು ಬರೆಯತೊಡಗಿದಳು. ದುಂಡಗಿನ ಮಲಯಾಳ ಅಕ್ಷರ, ಒಂದೂ ತಪ್ಪಿಲ್ಲ. ಅರ್ಧ ಬರೆದಾದ ಮೇಲೆ ತಲೆಯೆತ್ತದೆ ಕೇಳಿದಳು.

"ಅವತ್ತು ಪಾಸಿನ ನಂಬರು ಓದಿ ಹೇಳಿದ್ದು ನಾನೇ ಅಲ್ವಾ ಪದ್ಮಕ್ಕ?"

"ಹೂಂ."

"ಆಮೇಲೆ ಫೋನು ಅಪ್ಪಂಗೆ ಕೊಡು ಅಂದ್ರಿ."

"ಹೂಂ, ಅಂದೆ."

"ಗೇಟಲ್ಲಿ ಏನು ಹೇಳ್ಬೇಕು ಅಂತ ನನ್ನ ಹತ್ರ ಯಾಕೆ ಹೇಳ್ಲಿಲ್ಲ? ನಾನು ಅಲ್ಲೇ ನಿಂತಿದ್ದೆ. ಪರೀಕ್ಷೆ ನಂದಲ್ವಾ?"

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ನಿಜವಾಗಿ ತಿಳಿದುಕೊಳ್ಳಬೇಕು ಅಂತ ಕೇಳಿದ್ದು. ದೊಡ್ಡವನು ಅಪ್ಪ, ಅದಕ್ಕೆ ಅಪ್ಪನಿಗೆ ಹೇಳಿದೆ ಅನ್ನಬಹುದಿತ್ತು. ನಿನಗೆ ಹೇಳಬೇಕು ಅಂತ ನನಗೆ ಹೊಳೆಯಲೇ ಇಲ್ಲ ಅನ್ನುವುದು ನಿಜವಾದ ಉತ್ತರ. ಎರಡನ್ನೂ ಬಿಟ್ಟು ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದೆ. ಅವಳು ಉಳಿದರ್ಧವನ್ನೂ ಬರೆದು ಮುಗಿಸಿ ಪೆನ್ನು ನನ್ನ ಕೈಗೆ ಕೊಟ್ಟಳು.